ರ‍್ಯಾಮ್ ದುಬಾರಿಯಾದ ಕಾಲದಲ್ಲಿ ಯಾವ ವೇಗಕ್ಕೆ ಹಣ ಕೊಡಬೇಕು?

ಅಮೆರಿಕದ ಮೈಕ್ರಾನ್ ಕಂಪನಿ 2025ರ ಡಿಸೆಂಬರ್ 3ರಂದು ಒಂದು ಪ್ರಕಟಣೆ ಹೊರಡಿಸಿತು. ಸುಮಾರು ಮೂರು ದಶಕಗಳಿಂದ ‘ಕ್ರೂಶಿಯಲ್’ ಹೆಸರಿನಲ್ಲಿ ಜನಸಾಮಾನ್ಯರಿಗೆ ಮಾರುತ್ತಿದ್ದ ರ‍್ಯಾಮ್ (ಕೆಲಸ ನಡೆಯುವಾಗ ದತ್ತಾಂಶ ಇಟ್ಟುಕೊಳ್ಳುವ ಮೆಮೊರಿ) ಮತ್ತು ಎಸ್‌ಎಸ್‌ಡಿ (ಫೈಲುಗಳನ್ನು ಕಾಯಂ ಉಳಿಸುವ ಡ್ರೈವ್) ವ್ಯಾಪಾರದಿಂದ ಹೊರಬರುತ್ತೇವೆ, 2026ರ ಫೆಬ್ರುವರಿ ಅಂತ್ಯದವರೆಗೆ ಮಾತ್ರ ಸರಕು ಕಳುಹಿಸುತ್ತೇವೆ ಎಂಬುದು ಅದರ ಸಾರ. ಬೆಲೆ ಅದಕ್ಕೂ ಮುಂಚಿನಿಂದಲೇ ಏರುತ್ತಿತ್ತು. 2025ರ ಮಧ್ಯದಲ್ಲಿ ಅಮೆರಿಕದ ಮಾರುಕಟ್ಟೆಯಲ್ಲಿ ನೂರು ಡಾಲರ್ ಆಸುಪಾಸಿಗೆ ಸಿಗುತ್ತಿದ್ದ 32 ಜಿಬಿ ಡಿಡಿಆರ್5 (ಈಗಿನ ಪೀಳಿಗೆಯ ರ‍್ಯಾಮ್) ಕಿಟ್ ವರ್ಷದ ಕೊನೆಗೆ ಮುನ್ನೂರು ದಾಟಿತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಳ್ಳುವವರಿಗೂ ಅದೇ ಬಿಸಿ ತಟ್ಟಿದೆ.

ಹೊಸ ಡೆಸ್ಕ್‌ಟಾಪ್ ಕಟ್ಟಿಸಲು ಹೊರಟವರಿಗೆ ಈಗ ಎದುರಾಗಿರುವ ಗೊಂದಲ ಬೆಲೆಯದ್ದಷ್ಟೇ ಅಲ್ಲ. ಒಂದೇ 16 ಜಿಬಿ ರ‍್ಯಾಮ್ 4800, 5200, 5600, 6000, 7200, 8000 ಎಂಬ ಹಲವು ವೇಗದ ಅಂಕಿಗಳಲ್ಲಿ ಬರುತ್ತದೆ, ಅಂಕಿ ಏರಿದಂತೆ ಬೆಲೆಯೂ ಏರುತ್ತದೆ. ರ‍್ಯಾಮ್ ಅಗ್ಗವಾಗಿದ್ದಾಗ ಈ ಆಯ್ಕೆಯಲ್ಲಿ ತಪ್ಪಾದರೆ ಹೋಗುತ್ತಿದ್ದುದು ಸಣ್ಣ ಮೊತ್ತ. ಈಗ ಅದೇ ತಪ್ಪು ಪ್ರೊಸೆಸರ್‌ನ ಬೆಲೆಗೆ ಸಮವಾಗಬಹುದು. ಆದ್ದರಿಂದ ಪೆಟ್ಟಿಗೆಯ ಮೇಲಿನ ಆ ಅಂಕಿಗೆ ನಿಜವಾಗಿ ಏನರ್ಥ, ಅದರಲ್ಲಿ ಎಷ್ಟು ಭಾಗ ನಮ್ಮ ಪ್ರೊಸೆಸರ್‌ಗೆ ತಲುಪುತ್ತದೆ ಎಂಬುದನ್ನು ನಿಧಾನವಾಗಿ ಬಿಡಿಸಿ ನೋಡಬೇಕು.

ಬೆಲೆ ಏರಿದ್ದು ಏಕೆ?

ಜಗತ್ತಿನ ಡಿರ‍್ಯಾಮ್ ಚಿಪ್‌ಗಳಲ್ಲಿ ಬಹುಪಾಲು ತಯಾರಿಸುವುದು ಮೂರೇ ಕಂಪನಿಗಳು: ದಕ್ಷಿಣ ಕೊರಿಯಾದ ಸ್ಯಾಮ್ಸಂಗ್ ಮತ್ತು ಎಸ್‌ಕೆ ಹೈನಿಕ್ಸ್, ಅಮೆರಿಕದ ಮೈಕ್ರಾನ್. ಕೃತಕ ಬುದ್ಧಿಮತ್ತೆಯ ಸರ್ವರ್‌ಗಳಿಗೆ ಬೇಕಾಗುವುದು ಎಚ್‌ಬಿಎಂ ಎಂಬ ವಿಶೇಷ ಮೆಮೊರಿ. ಅಷ್ಟೇ ಸಾಮರ್ಥ್ಯದ ಡಿಡಿಆರ್5ಗೆ ಹೋಲಿಸಿದರೆ ಇದು ಸುಮಾರು ಮೂರು ಪಟ್ಟು ವೇಫರ್ (ಚಿಪ್‌ಗಳು ರೂಪುಗೊಳ್ಳುವ ಸಿಲಿಕಾನ್ ಬಿಲ್ಲೆ) ನುಂಗುತ್ತದೆ ಎಂದು ಮೈಕ್ರಾನ್ ತಾನೇ ಹೇಳಿದೆ. ಅಂದರೆ ಕಾರ್ಖಾನೆ ಒಂದು ಜಿಬಿ ಎಚ್‌ಬಿಎಂ ಮಾಡಿದಾಗಲೆಲ್ಲ ಮೂರು ಜಿಬಿಯಷ್ಟು ಸಾಮಾನ್ಯ ರ‍್ಯಾಮ್ ಕೈತಪ್ಪುತ್ತದೆ. ಇದರ ಮೇಲೆ 2025ರ ಅಕ್ಟೋಬರ್‌ನಲ್ಲಿ ಓಪನ್‌ಎಐ ಕಂಪನಿಯು ಸ್ಯಾಮ್ಸಂಗ್ ಮತ್ತು ಹೈನಿಕ್ಸ್ ಜೊತೆ ತಿಂಗಳಿಗೆ 9 ಲಕ್ಷ ವೇಫರ್‌ಗಳವರೆಗಿನ ಪೂರೈಕೆಯ ಗುರಿ ಇಟ್ಟುಕೊಂಡು ಒಪ್ಪಂದದ ಮಾತಾಡಿತು. ಉಳಿದದ್ದಕ್ಕೆ ಪೈಪೋಟಿ ಶುರುವಾಯಿತು.

‘ಮೈಕ್ರಾನ್ ಘಟಕ ಗುಜರಾತಿನಲ್ಲೇ ಇದೆಯಲ್ಲ, ನಮಗೇಕೆ ಅಗ್ಗವಾಗುವುದಿಲ್ಲ?’ ಎಂದು ಕೇಳುವವರಿದ್ದಾರೆ. 2023ರಲ್ಲಿ ಘೋಷಣೆಯಾದ ಸಾನಂದ್ ಘಟಕ ಚಿಪ್‌ಗಳನ್ನು ಜೋಡಿಸಿ, ಪರೀಕ್ಷಿಸಿ, ಪ್ಯಾಕ್ ಮಾಡುವಂಥದ್ದು. ಸಿಲಿಕಾನ್ ವೇಫರ್ ತಯಾರಾಗುವುದು ಬೇರೆ ದೇಶಗಳಲ್ಲಿ. ಕೊರತೆ ಇರುವುದು ಆ ವೇಫರ್‌ನಲ್ಲಿ. ಮೈಕ್ರಾನ್ ಅಮೆರಿಕದ ಐಡಹೊದಲ್ಲಿ ಕಟ್ಟುತ್ತಿರುವ ಹೊಸ ಕಾರ್ಖಾನೆಯಿಂದ ಮೊದಲ ವೇಫರ್ ಬರುವುದು 2027ರಲ್ಲಿ ಎಂದು ಕಂಪನಿ ತಿಳಿಸಿದೆ. ಹಾಗಾಗಿ ‘ಮುಂದಿನ ತಿಂಗಳು ಇಳಿದೀತು’ ಎಂದು ಕಾಯುವುದಕ್ಕೆ ಗಟ್ಟಿ ಆಧಾರವಿಲ್ಲ.

ಪೆಟ್ಟಿಗೆಯ ಮೇಲಿನ ಅಂಕಿ

ಡಿಡಿಆರ್5-6000 ಎಂದು ಬರೆದಿದ್ದರೆ ಆ ರ‍್ಯಾಮ್ ಪ್ರತಿ ತಂತಿಯಲ್ಲಿ ಸೆಕೆಂಡಿಗೆ 600 ಕೋಟಿ ಸಲ ದತ್ತಾಂಶ ದಾಟಿಸುತ್ತದೆ ಎಂದರ್ಥ. ಇದನ್ನು 6000 ಮೆಗಾಟ್ರಾನ್ಸ್‌ಫರ್ ಎನ್ನುತ್ತಾರೆ. ಅಂಗಡಿಗಳಲ್ಲಿ ರೂಢಿಯಲ್ಲಿರುವ ‘6000 ಮೆಗಾಹರ್ಟ್ಸ್’ ಎಂಬ ಮಾತು ತಾಂತ್ರಿಕವಾಗಿ ತಪ್ಪು. ಡಿಡಿಆರ್ ಎಂದರೇ ಇಮ್ಮಡಿ ದರ. ಕ್ಲಾಕ್‌ನ (ಚಿಪ್‌ಗೆ ತಾಳ ಹಾಕುವ ಗಡಿಯಾರದ) ಒಂದು ಮಿಡಿತದಲ್ಲಿ ಎರಡು ಸಲ ದತ್ತಾಂಶ ಹೋಗುತ್ತದೆ, ಕ್ಲಾಕ್ ಓಡುವುದು 3000 ಮೆಗಾಹರ್ಟ್ಸ್‌ನಲ್ಲಿ. ಸಿಪಿಯು-ಝಡ್ ತಂತ್ರಾಂಶ ತೆರೆದು 3000 ಎಂಬ ಅಂಕಿ ಕಂಡವರು ಅಂಗಡಿಯವನು ಮೋಸ ಮಾಡಿದ ಎಂದು ದೂರುವುದು ಇದೇ ಕಾರಣಕ್ಕೆ. ಮೋಸವಾಗಿಲ್ಲ. ವಿಂಡೋಸ್ 11ರ ಟಾಸ್ಕ್ ಮ್ಯಾನೇಜರ್ 2024ರಿಂದ ಮೆಗಾಹರ್ಟ್ಸ್ ಬಿಟ್ಟು ಮೆಗಾಟ್ರಾನ್ಸ್‌ಫರ್ ಲೆಕ್ಕದಲ್ಲೇ ತೋರಿಸತೊಡಗಿದೆ.

ಒಂದು ಸ್ಟಿಕ್ (ರ‍್ಯಾಮ್‌ನ ಒಂದು ಪಟ್ಟಿ) ಒಮ್ಮೆಗೆ 64 ಬಿಟ್, ಅಂದರೆ 8 ಬೈಟ್ ದಾಟಿಸುತ್ತದೆ. 6000ವನ್ನು 8ರಿಂದ ಗುಣಿಸಿದರೆ ಸೆಕೆಂಡಿಗೆ 48 ಗಿಗಾಬೈಟ್. ಎರಡು ಸ್ಟಿಕ್‌ಗಳನ್ನು ಎರಡು ಚಾನೆಲ್‌ಗಳಲ್ಲಿ (ಪ್ರೊಸೆಸರ್‌ಗೆ ಹೋಗುವ ಬೇರೆ ಬೇರೆ ದಾರಿಗಳಲ್ಲಿ) ಹಾಕಿದರೆ 96. ಇದೇ ಲೆಕ್ಕದಲ್ಲಿ 4800ರ ಎರಡು ಸ್ಟಿಕ್ ಸೇರಿ 76.8 ಗಿಗಾಬೈಟ್ ಕೊಡುತ್ತವೆ. ಇಲ್ಲಿ ಒಂದು ಕ್ಷಣ ನಿಲ್ಲಬೇಕು: 6000ದ ಒಂಟಿ ಸ್ಟಿಕ್‌ಗಿಂತ 4800ರ ಜೋಡಿ ಎಷ್ಟೋ ಮುಂದಿದೆ. ವೇಗದ ಅಂಕಿಗೆ ತಲೆಕೆಡಿಸಿಕೊಂಡು ಒಂದೇ ಸ್ಟಿಕ್ ಕೊಂಡು ಬರುವವರು ಕಳೆದುಕೊಳ್ಳುವುದು ಇದನ್ನೇ.

ಸೆಕೆಂಡಿಗೆ ದಾಟುವ ಈ ಪ್ರಮಾಣ, ಅಂದರೆ ಬ್ಯಾಂಡ್‌ವಿಡ್ತ್, ಅರ್ಧ ಕಥೆ. ಇನ್ನರ್ಧ ಕಾಯುವ ಹೊತ್ತು, ಅಂದರೆ ಲೇಟೆನ್ಸಿ. ಸಿಎಲ್30, ಸಿಎಲ್36, ಸಿಎಲ್40 ಎಂದು ಲೇಬಲ್ ಮೇಲೆ ಸಣ್ಣದಾಗಿ ಬರೆದಿರುವುದು ಇದರ ಸುಳಿವು. ಪ್ರೊಸೆಸರ್ ಕೇಳಿದ ಮೇಲೆ ಮೊದಲ ದತ್ತಾಂಶ ಹೊರಡಲು ಎಷ್ಟು ಮಿಡಿತ ಬೇಕು ಎಂಬುದನ್ನು ಅದು ಹೇಳುತ್ತದೆ. 6000ದ ರ‍್ಯಾಮ್‌ನಲ್ಲಿ ಒಂದು ಮಿಡಿತಕ್ಕೆ ನ್ಯಾನೊಸೆಕೆಂಡಿನ ಮೂರನೇ ಒಂದು ಭಾಗ ಹಿಡಿಯುತ್ತದೆ, 30 ಮಿಡಿತಕ್ಕೆ 10 ನ್ಯಾನೊಸೆಕೆಂಡ್. ಅದೇ ವೇಗದ ಸಿಎಲ್40 ರ‍್ಯಾಮ್‌ಗೆ 13.3 ಬೇಕು. 4800 ಸಿಎಲ್40ಕ್ಕೆ 16.7. ಇನ್ನು ಹಳೆಯ ಡಿಡಿಆರ್4-3200 ಸಿಎಲ್16 ತೆಗೆದುಕೊಂಡರೆ ಅಲ್ಲಿಯೂ ಸರಿಯಾಗಿ 10 ನ್ಯಾನೊಸೆಕೆಂಡ್! ಹತ್ತು ವರ್ಷಗಳಲ್ಲಿ ಬ್ಯಾಂಡ್‌ವಿಡ್ತ್ ದುಪ್ಪಟ್ಟಾದರೂ ಕಾಯುವ ಹೊತ್ತು ಹೆಚ್ಚು ಕಡಿಮೆ ಅಲ್ಲೇ ನಿಂತಿದೆ. ಆದ್ದರಿಂದ 6000 ಸಿಎಲ್40 ಮತ್ತು 6000 ಸಿಎಲ್30 ಒಂದೇ ಸರಕು ಎಂದು ಯಾರಾದರೂ ಹೇಳಿದರೆ ಒಪ್ಪಬೇಕಿಲ್ಲ.

ವೇಗವನ್ನು ನಿರ್ಧರಿಸುವ ಜಾಗ

ರ‍್ಯಾಮ್ ಜೊತೆ ಮಾತಾಡುವ ಮೆಮೊರಿ ಕಂಟ್ರೋಲರ್ ಹಿಂದೆ ಮದರ್‌ಬೋರ್ಡ್‌ನ ಚಿಪ್‌ಸೆಟ್‌ನಲ್ಲಿತ್ತು. ಎಎಂಡಿ ಅದನ್ನು 2003ರಲ್ಲಿ, ಇಂಟೆಲ್ 2008ರಲ್ಲಿ ಪ್ರೊಸೆಸರ್‌ನ ಒಳಗೆ ತಂದವು. ಅಂದಿನಿಂದ ರ‍್ಯಾಮ್ ಎಷ್ಟು ವೇಗವಾಗಿ ಓಡೀತು ಎಂಬುದು ಮೊದಲು ಪ್ರೊಸೆಸರ್‌ನ ಪ್ರಶ್ನೆ, ಆಮೇಲೆ ಬೋರ್ಡ್‌ನ ಪ್ರಶ್ನೆ, ಕೊನೆಗೆ ರ‍್ಯಾಮ್‌ನದ್ದು. ಕೊಳ್ಳುವವರು ಬಹುತೇಕ ಇದರ ತಿರುವುಮುರುವು ಕ್ರಮದಲ್ಲಿ ಯೋಚಿಸುತ್ತಾರೆ.

ಪ್ರತಿ ಪ್ರೊಸೆಸರ್‌ಗೂ ತಯಾರಕರು ಒಂದು ಅಧಿಕೃತ ಮಿತಿ ಪ್ರಕಟಿಸುತ್ತಾರೆ. ಎಎಂಡಿ ರೈಜನ್ 5000 ಸರಣಿಗೆ ಡಿಡಿಆರ್4-3200, ರೈಜನ್ 7000ಕ್ಕೆ ಡಿಡಿಆರ್5-5200, ರೈಜನ್ 9000ಕ್ಕೆ 5600. ಇಂಟೆಲ್‌ನ 12ನೇ ಪೀಳಿಗೆಗೆ 4800, 13 ಮತ್ತು 14ನೇ ಪೀಳಿಗೆಯ ಮೇಲ್ದರ್ಜೆಯ ಚಿಪ್‌ಗಳಿಗೆ 5600. ಐ5-13400, ಐ5-14400ರಂಥ ಜನಪ್ರಿಯ ಚಿಪ್‌ಗಳು ಅದೇ ಪೀಳಿಗೆಯ ಹೆಸರು ಹೊತ್ತಿದ್ದರೂ ಅವುಗಳ ಮಿತಿ 4800ರಲ್ಲೇ ಇದೆ. ‘14ನೇ ಪೀಳಿಗೆ, ಆದ್ದರಿಂದ 5600’ ಎಂದುಕೊಂಡವರು ಇಲ್ಲಿ ಎಡವುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಬಂದ ಕೋರ್ ಅಲ್ಟ್ರಾ 200ಎಸ್ ಸರಣಿಗೆ ಸಾಮಾನ್ಯ ಸ್ಟಿಕ್‌ನಲ್ಲಿ 5600, ಸ್ಟಿಕ್ ಮೇಲೆಯೇ ಕ್ಲಾಕ್ ಚಿಪ್ ಇರುವ ಸಿಯುಡಿಮ್ ಎಂಬ ಹೊಸ ಮಾದರಿಯಲ್ಲಿ 6400.

ಮಿತಿ ದಾಟಿದ ರ‍್ಯಾಮ್ ಹಾಕಿದರೆ ಏನೂ ಸುಡುವುದಿಲ್ಲ. ಕಂಪ್ಯೂಟರ್ ಸುರಕ್ಷಿತ ವೇಗಕ್ಕೆ ಇಳಿದು ಓಡುತ್ತದೆ. ಬಯೋಸ್‌ಗೆ (ವಿಂಡೋಸ್‌ಗೂ ಮುಂಚೆ ಓಡುವ ಬೋರ್ಡ್‌ನ ತಂತ್ರಾಂಶ) ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ಪ್ರೊಫೈಲ್ (ರ‍್ಯಾಮ್ ತಯಾರಕರು ಮೊದಲೇ ಬರೆದಿಟ್ಟ ವೇಗದ ಹೊಂದಾಣಿಕೆ) ಆಯ್ಕೆ ಮಾಡಿದಾಗ ಮಾತ್ರ ಪೆಟ್ಟಿಗೆಯ ಮೇಲಿನ ವೇಗಕ್ಕೆ ಪ್ರಯತ್ನಿಸುತ್ತದೆ. ‘ಪ್ರಯತ್ನಿಸುತ್ತದೆ’ ಎಂಬ ಪದ ಬೇಕೆಂದೇ ಬಳಸಿದ್ದು. ಅಧಿಕೃತ ಮಿತಿಯಾಚೆ ಎಲ್ಲವೂ ಓವರ್‌ಕ್ಲಾಕ್, ಅದಕ್ಕೆ ಸಾಮಾನ್ಯವಾಗಿ ಪ್ರೊಸೆಸರ್ ತಯಾರಕರ ಖಾತರಿ ಇರುವುದಿಲ್ಲ.

ಮೂರು ಪಂಥಗಳು

ಎಷ್ಟು ವೇಗ ಕೊಳ್ಳಬೇಕು ಎಂಬುದರಲ್ಲಿ ಮೂರು ಪಂಥಗಳಿವೆ, ಮೂರಕ್ಕೂ ಅವುಗಳದ್ದೇ ನ್ಯಾಯವಿದೆ.

ಮೊದಲನೆಯವರು ಅಧಿಕೃತ ಅಂಕಿ ದಾಟಬೇಡಿ ಎನ್ನುತ್ತಾರೆ. ಕಚೇರಿಗಳ ಐಟಿ ವಿಭಾಗ, ಲೆಕ್ಕಪತ್ರದ ಕೆಲಸ, ರಾತ್ರಿಯಿಡೀ ವಿಡಿಯೊ ರೆಂಡರ್ ಮಾಡುವ ಸ್ಟುಡಿಯೊ ಈ ಗುಂಪಿಗೆ ಸೇರುತ್ತವೆ. ಅವರ ಮಾತಿನಲ್ಲಿ ಹುರುಳಿದೆ. ಮೆಮೊರಿಯ ದೋಷ ಯಾವಾಗಲೂ ನೀಲಿ ಪರದೆಯಾಗಿ ಕಾಣಿಸಿಕೊಳ್ಳುವುದಿಲ್ಲ. ಒಂದು ಬಿಟ್ ಸದ್ದಿಲ್ಲದೆ ತಪ್ಪಾಗಿ, ಫೈಲಿನೊಳಗೆ ಸೇರಿಕೊಂಡು, ತಿಂಗಳುಗಳ ಮೇಲೆ ಪತ್ತೆಯಾಗಬಹುದು.

ಎರಡನೆಯವರು ಪ್ರೊಸೆಸರ್‌ನ ಒಳಗಿನ ಕ್ಲಾಕ್‌ಗಳಿಗೆ ಹೊಂದುವ ವೇಗದವರೆಗೆ ಹೋಗಿ, ಅಲ್ಲಿ ನಿಲ್ಲಿ ಎನ್ನುತ್ತಾರೆ. ಎಎಂಡಿಯ ಎಎಂ5 ಬೋರ್ಡ್‌ಗಳಿಗೆ (ರೈಜನ್ 7000, 9000 ಚಿಪ್ ಕೂರುವ ಮದರ್‌ಬೋರ್ಡ್‌ಗಳಿಗೆ) ಆ ಅಂಕಿ 6000. 2022ರಲ್ಲಿ ಎಎಂಡಿಯೇ ಹೆಸರಿಸಿದ ಅಂಕಿ ಇದು.

ಮೂರನೆಯವರಿಗೆ ಹೆಚ್ಚಿದಷ್ಟೂ ಒಳ್ಳೆಯದು. ಇಂಟೆಲ್ 2025ರ ಏಪ್ರಿಲ್‌ನಲ್ಲಿ ‘200ಎಸ್ ಬೂಸ್ಟ್’ ಎಂಬ ಸೌಲಭ್ಯ ತಂದು, ಹೆಸರಿನಲ್ಲಿ ಕೆ ಅಕ್ಷರವಿರುವ ಆಯ್ದ ಚಿಪ್, ಮೇಲ್ದರ್ಜೆಯ ಝಡ್890 ಬೋರ್ಡ್ ಮತ್ತು ಆಯ್ದ ರ‍್ಯಾಮ್ ಇದ್ದರೆ 8000ದವರೆಗೂ ವಾರಂಟಿ ಕೊಡುವುದಾಗಿ ಹೇಳಿದ ಮೇಲೆ ಈ ವಾದಕ್ಕೆ ಬಲ ಬಂದಿದೆ. ಆದರೆ ಆ ಷರತ್ತುಗಳೆಲ್ಲ ಕೂಡಿಬರುವ ಯಂತ್ರ ಸಾಮಾನ್ಯ ಬಜೆಟ್ಟಿನದ್ದಲ್ಲ.

ಬಹುಪಾಲು ಮನೆಗಳಿಗೆ ಎರಡನೆಯ ಪಂಥವೇ ಸರಿ ಎಂಬುದು ಈ ಲೇಖನದ ನಿಲುವು. ಏಕೆ ಎಂಬುದಕ್ಕೆ ಪ್ರೊಸೆಸರ್‌ನ ಒಳಗೇ ಇಣುಕಬೇಕು.

6000ದಲ್ಲಿ ಏಕೆ ನಿಲ್ಲಬೇಕು?

ರೈಜನ್ 7000 ಮತ್ತು 9000 ಚಿಪ್‌ಗಳಲ್ಲಿ ಮೂರು ಕ್ಲಾಕ್‌ಗಳು ಒಟ್ಟಿಗೆ ದುಡಿಯುತ್ತವೆ. ಒಂದು ರ‍್ಯಾಮ್‌ನದ್ದು, ಇನ್ನೊಂದು ಮೆಮೊರಿ ಕಂಟ್ರೋಲರ್‌ನದ್ದು, ಮೂರನೆಯದು ಚಿಪ್‌ನ ತುಂಡುಗಳನ್ನು ಬೆಸೆಯುವ ಇನ್ಫಿನಿಟಿ ಫ್ಯಾಬ್ರಿಕ್‌ನದ್ದು. ರ‍್ಯಾಮ್ 6000ದಲ್ಲಿದ್ದಾಗ ಅದರ ಕ್ಲಾಕ್ 3000 ಮೆಗಾಹರ್ಟ್ಸ್, ಕಂಟ್ರೋಲರ್ ಕೂಡ 3000. ಇಬ್ಬರೂ ಹೆಜ್ಜೆಗೆ ಹೆಜ್ಜೆ ಹಾಕುತ್ತಾರೆ. ಕೆಲವು ಚಿಪ್‌ಗಳು 6400ರಲ್ಲೂ ಹೀಗೆ ನಡೆಯುತ್ತವೆ, ಕೆಲವು ನಡೆಯುವುದಿಲ್ಲ. ಅದರಾಚೆ ಕಂಟ್ರೋಲರ್‌ಗೆ ಏದುಸಿರು. ಆಗ ಬೋರ್ಡ್ ಅದನ್ನು ಅರ್ಧ ವೇಗಕ್ಕೆ ಇಳಿಸುತ್ತದೆ. 7200ರ ರ‍್ಯಾಮ್ ಹಾಕಿದರೆ ರ‍್ಯಾಮ್ ಕ್ಲಾಕ್ 3600ಕ್ಕೆ ಏರುತ್ತದೆ, ಕಂಟ್ರೋಲರ್ 1800ಕ್ಕೆ ಕುಸಿಯುತ್ತದೆ. ಪ್ರತಿ ಕೋರಿಕೆಯೂ ಆ ನಿಧಾನದ ಬಾಗಿಲ ಮೂಲಕವೇ ಹಾದುಹೋಗಬೇಕಾದ್ದರಿಂದ ಕಾಯುವ ಹೊತ್ತು ಹೆಚ್ಚುತ್ತದೆ. ಈ ನಷ್ಟ ತುಂಬಿಕೊಳ್ಳಲು 8000ದ ಆಸುಪಾಸಿಗೆ ಹೋಗಬೇಕು. ಹೆಚ್ಚು ಹಣ ಕೊಟ್ಟು 7200 ತಂದವರಿಗೆ ಆಟಗಳಲ್ಲಿ 6000ದ ನೆರೆಮನೆಯವರಷ್ಟೂ ವೇಗ ಸಿಗದಿರುವುದಕ್ಕೆ ಕಾರಣ ಇದು.

ಇನ್ನೊಂದು ಸೂಕ್ಷ್ಮ ಸಂಗತಿ ಇದಕ್ಕಿಂತ ಕಡಿಮೆ ಚರ್ಚೆಯಾಗಿದೆ. ರೈಜನ್ 5 7600, ರೈಜನ್ 7 7700ರಂಥ ಚಿಪ್‌ಗಳಲ್ಲಿ ಕೋರ್‌ಗಳೆಲ್ಲ ಒಂದೇ ತುಂಡಿನಲ್ಲಿವೆ. ಆ ತುಂಡು ಫ್ಯಾಬ್ರಿಕ್ ಮೂಲಕ ಒಂದು ಮಿಡಿತಕ್ಕೆ 32 ಬೈಟ್ ಓದಬಲ್ಲದು. ಫ್ಯಾಬ್ರಿಕ್ ಸಾಮಾನ್ಯವಾಗಿ 2000 ಮೆಗಾಹರ್ಟ್ಸ್‌ನಲ್ಲಿ ಓಡುವುದರಿಂದ ಸೆಕೆಂಡಿಗೆ 64 ಗಿಗಾಬೈಟ್ ಮಾತ್ರ ಓದಲು ಸಾಧ್ಯ. ಆದರೆ 4800ರ ಜೋಡಿಯೇ 76.8 ಗಿಗಾಬೈಟ್ ಕೊಡಲು ತಯಾರಿದೆ. ಅಂದರೆ ಈ ಚಿಪ್‌ಗಳಲ್ಲಿ ನಲ್ಲಿಯ ಬಾಯಿ ಮೊದಲೇ ಚಿಕ್ಕದು, ಕೊಳವೆಯನ್ನು ಎಷ್ಟು ದಪ್ಪ ಮಾಡಿದರೂ ಬಿಂದಿಗೆ ತುಂಬುವ ವೇಗ ಬದಲಾಗದು. ಹಾಗಿದ್ದೂ 4800ರಿಂದ 6000ಕ್ಕೆ ಹೋದಾಗ ಲಾಭ ಕಾಣುವುದು ಕಂಟ್ರೋಲರ್ 2400ರಿಂದ 3000ಕ್ಕೆ ಏರಿ ಕಾಯುವ ಹೊತ್ತು ತಗ್ಗುವುದರಿಂದ. ಹೀಗಾಗಿ ಈ ಚಿಪ್‌ಗಳಿಗೆ 6000 ಸಿಎಲ್30 ಅಥವಾ ಸಿಎಲ್36 ಕೊಳ್ಳುವುದರಲ್ಲಿ ಅರ್ಥವಿದೆ, 7200ರಲ್ಲಿ ಇಲ್ಲ.

ಇಂಟೆಲ್‌ನ ವ್ಯವಸ್ಥೆ ಬೇರೆ. ಅಲ್ಲಿ ಡಿಡಿಆರ್5 ಜೊತೆ ಕಂಟ್ರೋಲರ್ ಮೊದಲಿನಿಂದಲೇ ರ‍್ಯಾಮ್‌ನ ಅರ್ಧ ವೇಗದಲ್ಲಿ, ಅಂದರೆ ಗೇರ್ 2ರಲ್ಲಿ ಓಡುತ್ತದೆ. ಎಎಂಡಿಯಲ್ಲಿರುವಂತೆ ಮಧ್ಯದಲ್ಲೊಂದು ಹಠಾತ್ ಕುಸಿತ ಇಲ್ಲದ ಕಾರಣ ವೇಗ ಏರಿದಂತೆ ಲಾಭವೂ ಸ್ವಲ್ಪ ಸ್ವಲ್ಪವೇ ಏರುತ್ತದೆ. ಒಳ್ಳೆಯ ಝಡ್ ಸರಣಿಯ ಬೋರ್ಡ್ ಮತ್ತು ಕೆ ಚಿಪ್ ಇದ್ದರೆ 7200 ಅಸಾಧ್ಯವಲ್ಲ. ಆದರೆ ಎಚ್610 ಬೋರ್ಡ್‌ನಲ್ಲಿ ಮೆಮೊರಿ ಓವರ್‌ಕ್ಲಾಕ್‌ಗೆ ಅವಕಾಶವೇ ಇಲ್ಲ. ಐ5-12400 ಜೊತೆ ಎಚ್610 ಬೋರ್ಡ್ ಕೊಂಡು, ಮೇಲೆ 6000ದ ರ‍್ಯಾಮ್ ಹಾಕಿಸಿಕೊಂಡವರ ಯಂತ್ರ 4800ರಲ್ಲೇ ಓಡುತ್ತದೆ. ಹೆಚ್ಚುವರಿ ಹಣ ಸಂಪೂರ್ಣ ವ್ಯರ್ಥ. ಬಿ660, ಬಿ760 ಬೋರ್ಡ್‌ಗಳಲ್ಲಿ ಈ ಬೇಲಿ ಇಲ್ಲ.

ನಾಲ್ಕು ಸ್ಲಾಟ್‌ಗಳ ಬಲೆ

ಮದರ್‌ಬೋರ್ಡ್‌ನಲ್ಲಿ ನಾಲ್ಕು ಸ್ಲಾಟ್ ಕಂಡಾಗ ‘ಈಗ ಎರಡು ಹಾಕೋಣ, ಬೆಲೆ ಇಳಿದ ಮೇಲೆ ಇನ್ನೆರಡು’ ಎಂದು ಲೆಕ್ಕ ಹಾಕುವುದು ಸಹಜ. ಡಿಡಿಆರ್4 ಕಾಲದಲ್ಲಿ ಈ ಲೆಕ್ಕ ಬಹುಮಟ್ಟಿಗೆ ನಡೆಯುತ್ತಿತ್ತು. ಡಿಡಿಆರ್5ರಲ್ಲಿ ನಡೆಯುವುದಿಲ್ಲ. ರೈಜನ್ 9000ಕ್ಕೆ ಎರಡು ಸ್ಟಿಕ್ ಇದ್ದಾಗ 5600 ಎನ್ನುವ ಎಎಂಡಿ, ನಾಲ್ಕು ಹಾಕಿದಾಗ ಅಧಿಕೃತವಾಗಿ ಕೊಡುವ ಅಂಕಿ 3600. ಮುದ್ರಣದೋಷವಲ್ಲ, ಮೂರು ಸಾವಿರದ ಆರುನೂರು. ಒಂದೇ ಚಾನೆಲ್‌ನ ತಂತಿಗೆ ಎರಡು ಸ್ಟಿಕ್ ನೇತುಬಿದ್ದಾಗ ಇಷ್ಟು ವೇಗದ ಸಂಕೇತ ಖಾಲಿ ಕೊನೆಗಳಿಗೆ, ಕವಲುಗಳಿಗೆ ಬಡಿದು ಮರಳಿ ಮಸುಕಾಗುತ್ತದೆ. ವೇಗ ಹೆಚ್ಚಿದಷ್ಟೂ ಮಸುಕು ಹೆಚ್ಚು. ಅನುಭವಿಗಳು ಬಯೋಸ್‌ನಲ್ಲಿ ಹೊಂದಿಸಿ 3600ಕ್ಕಿಂತ ಮೇಲೆ ಓಡಿಸುತ್ತಾರೆ ನಿಜ, ಆದರೆ ಅದನ್ನು ಖಾತರಿ ಎಂದು ನಂಬಿ ಕೊಳ್ಳುವಂತಿಲ್ಲ.

ಎರಡೇ ಸ್ಟಿಕ್ ಹಾಕುವಾಗಲೂ ಜಾಗ ನೋಡಿ ಹಾಕಬೇಕು. ಪ್ರೊಸೆಸರ್‌ನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್, ಅಂದರೆ ಎ2 ಮತ್ತು ಬಿ2, ಬಹುತೇಕ ಎಲ್ಲ ಬೋರ್ಡ್‌ಗಳ ಕೈಪಿಡಿಯಲ್ಲೂ ಇದೇ ಸೂಚನೆ. ಅಕ್ಕಪಕ್ಕದ ಎರಡು ಸ್ಲಾಟ್‌ಗಳಲ್ಲಿ ತುರುಕಿದರೆ ಎರಡೂ ಸಾಮಾನ್ಯವಾಗಿ ಒಂದೇ ಚಾನೆಲ್‌ಗೆ ಸೇರಿ ಬ್ಯಾಂಡ್‌ವಿಡ್ತ್ ಅರ್ಧವಾಗುತ್ತದೆ.

ಯಾರಿಗೆ ವೇಗ ಬೇಕು, ಯಾರಿಗೆ ಬೇಡ

ಪ್ರೊಸೆಸರ್‌ನ ಸ್ವಂತ ಉಗ್ರಾಣ, ಅಂದರೆ ಕ್ಯಾಶ್, ದೊಡ್ಡದಿದ್ದಷ್ಟೂ ರ‍್ಯಾಮ್‌ವರೆಗೆ ಹೋಗುವ ಸಂದರ್ಭ ಕಡಿಮೆ. ರೈಜನ್ 7 9700ಎಕ್ಸ್ ಚಿಪ್‌ನಲ್ಲಿ 32 ಎಂಬಿ ಎಲ್3 ಕ್ಯಾಶ್ ಇದ್ದರೆ 9800ಎಕ್ಸ್3ಡಿಯಲ್ಲಿ 96 ಎಂಬಿ ಇದೆ. ಆಟದ ದತ್ತಾಂಶದಲ್ಲಿ ಹೆಚ್ಚಿನದು ಅಲ್ಲೇ ಸಿಕ್ಕಿಬಿಡುವುದರಿಂದ ಎಕ್ಸ್3ಡಿ ಚಿಪ್ ಕೊಂಡವರು 5600ರ ರ‍್ಯಾಮ್ ಹಾಕಿದರೂ ಕಳೆದುಕೊಳ್ಳುವುದು ತೀರಾ ಅಲ್ಪ. ದುಬಾರಿ ಚಿಪ್‌ಗೆ ದುಬಾರಿ ರ‍್ಯಾಮ್ ಬೇಕು ಎಂಬ ಗ್ರಹಿಕೆ ಇಲ್ಲಿ ತಲೆಕೆಳಗಾಗುತ್ತದೆ.

ವೇಗದ ಹಸಿವು ನಿಜವಾಗಿ ಇರುವುದು ಅಗ್ಗದ ಯಂತ್ರಗಳಲ್ಲಿ. ರೈಜನ್ 5 5600ಜಿ, 8600ಜಿಯಂಥ ಚಿಪ್‌ಗಳನ್ನು ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಬಳಸುವವರು ನಮ್ಮಲ್ಲಿ ಬಹಳ. ಆರ್‌ಟಿಎಕ್ಸ್ 3060 (12 ಜಿಬಿ) ಕಾರ್ಡ್‌ಗೆ ಅದರದ್ದೇ ಮೆಮೊರಿಯಿಂದ ಸೆಕೆಂಡಿಗೆ 360 ಗಿಗಾಬೈಟ್ ಹರಿದು ಬರುತ್ತದೆ. 5600ಜಿಯ ಒಳಗಿನ ಗ್ರಾಫಿಕ್ಸ್‌ಗೆ ಸಿಗುವುದು ಡಿಡಿಆರ್4-3200 ಜೋಡಿಯ 51.2 ಗಿಗಾಬೈಟ್, ಅದನ್ನೂ ಪ್ರೊಸೆಸರ್ ಜೊತೆ ಹಂಚಿಕೊಳ್ಳಬೇಕು. ಒಂಟಿ ಸ್ಟಿಕ್ ಇದ್ದರೆ ಅದೂ 25.6ಕ್ಕೆ ಇಳಿಯುತ್ತದೆ. ಹಣ ಉಳಿಸಲೆಂದು ಇಂಥ ಯಂತ್ರಕ್ಕೆ ಒಂದೇ ಸ್ಟಿಕ್ ಹಾಕಿಸುವುದು ಚಿಪ್‌ನ ಕತ್ತು ಹಿಸುಕಿದಂತೆ. ಈ ಒಂದು ವಿಷಯದಲ್ಲಿ ರಾಜಿ ಬೇಡ.

ಮನೆಯಲ್ಲೇ ಭಾಷಾ ಮಾದರಿ (ಚಾಟ್‌ಜಿಪಿಟಿಯಂಥ ಕೃತಕ ಬುದ್ಧಿಮತ್ತೆ) ಓಡಿಸುವ ಹವ್ಯಾಸ ಹೊಸದು, ಅದೂ ಬ್ಯಾಂಡ್‌ವಿಡ್ತ್‌ನ ಲೆಕ್ಕವೇ. ಪ್ರೊಸೆಸರ್ ಮೇಲೆ ಓಡುವ 4 ಜಿಬಿ ಗಾತ್ರದ ಮಾದರಿಯು ಪ್ರತಿ ಪದತುಣುಕಿಗೂ ಆ 4 ಜಿಬಿಯನ್ನು ಪೂರ್ತಿ ಓದಬೇಕು. 51.2 ಗಿಗಾಬೈಟ್‌ನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 12 ತುಣುಕು, 96ರಲ್ಲಿ 24. ರೈಜನ್ 5 7600ನಲ್ಲಿ ಮೇಲೆ ಹೇಳಿದ 64ರ ತಡೆ ಇರುವುದರಿಂದ 16.

ಬ್ರೌಸರ್, ಟ್ಯಾಲಿ, ನುಡಿ, ಆನ್‌ಲೈನ್ ತರಗತಿಗೆ ಬಳಸುವ ಯಂತ್ರದಲ್ಲಿ 4800ಕ್ಕೂ 6000ಕ್ಕೂ ವ್ಯತ್ಯಾಸ ಗುರುತಿಸಲು ಆಗುವುದಿಲ್ಲ. ಅಲ್ಲಿ ಕಾಡುವುದು ಪ್ರಮಾಣದ ಕೊರತೆ. 8 ಜಿಬಿ ತುಂಬಿದಾಗ ವಿಂಡೋಸ್ ಉಳಿದದ್ದನ್ನು ಎಸ್‌ಎಸ್‌ಡಿಗೆ ತಳ್ಳುತ್ತದೆ. ರ‍್ಯಾಮ್ ಉತ್ತರ ಕೊಡಲು ಸುಮಾರು ನೂರು ನ್ಯಾನೊಸೆಕೆಂಡ್ ತೆಗೆದುಕೊಂಡರೆ ಎಸ್‌ಎಸ್‌ಡಿಗೆ ಬೇಕಾಗುವುದು ಹತ್ತಾರು ಸಾವಿರ ನ್ಯಾನೊಸೆಕೆಂಡ್. ಈ ಕಂದರದ ಮುಂದೆ ಸಿಎಲ್30, ಸಿಎಲ್40ರ ವ್ಯತ್ಯಾಸ ಲೆಕ್ಕಕ್ಕೇ ಬಾರದು. 8 ಜಿಬಿ ಯಂತ್ರಕ್ಕೆ ವೇಗದ, ಬಣ್ಣದ ದೀಪ ಹೊತ್ತ ರ‍್ಯಾಮ್ ಹಾಕಿಸುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿದ ಹಾಗೆ.

ಹಳೆಯ ಯಂತ್ರ ಇರುವವರ ಲೆಕ್ಕ

ಡಿಡಿಆರ್4 ಯಂತ್ರ ಇಟ್ಟುಕೊಂಡವರು ಈ ಬಿರುಗಾಳಿಯಿಂದ ಪಾರಾಗಲಿಲ್ಲ. ದೊಡ್ಡ ತಯಾರಕರು 2025ರಲ್ಲಿ ಡಿಡಿಆರ್4 ಉತ್ಪಾದನೆಯನ್ನು ಮುಗಿಸುವತ್ತ ಹೆಜ್ಜೆ ಇಟ್ಟಾಗ ಆ ಹಳೆಯ ಚಿಪ್‌ಗಳ ಸಗಟು ಬೆಲೆ ಒಂದು ಹಂತದಲ್ಲಿ ಡಿಡಿಆರ್5ನ್ನೂ ಮೀರಿತ್ತು. ಹೀಗಿರುವಾಗ ಹಳೆಯ ಯಂತ್ರಕ್ಕೆ ಎಷ್ಟು ಬೇಕೋ ಅಷ್ಟನ್ನೇ ಕೊಳ್ಳಬೇಕು. ಐ5-10400 ಮತ್ತು ಬಿ460 ಬೋರ್ಡ್ ಇದ್ದರೆ ಮಿತಿ 2666. 3200ರ ಸ್ಟಿಕ್ ಹಾಕಿದರೂ ಅದು 2666ಕ್ಕೆ ಇಳಿದೇ ಓಡುತ್ತದೆ, ಆದ್ದರಿಂದ ಅಗ್ಗವಾಗಿ ಸಿಕ್ಕ 2666 ಸಾಕು. ರೈಜನ್ 5 5600 ಇದ್ದವರು 3600ರವರೆಗೆ ಹೋಗಬಹುದು. ಅಲ್ಲಿ ರ‍್ಯಾಮ್, ಕಂಟ್ರೋಲರ್, ಫ್ಯಾಬ್ರಿಕ್ ಮೂರೂ 1800ರಲ್ಲಿ ಒಂದೇ ತಾಳಕ್ಕೆ ಬರುತ್ತವೆ. ಆದರೆ 3200 ಸಿಎಲ್16 ಈಗಾಗಲೇ ಇದ್ದರೆ 3600 ಸಿಎಲ್18ಕ್ಕಾಗಿ ಅದನ್ನು ಬದಲಿಸುವುದರಲ್ಲಿ ಅರ್ಥವಿಲ್ಲ. ಎರಡರದ್ದೂ ಲೇಟೆನ್ಸಿ ಅದೇ 10 ನ್ಯಾನೊಸೆಕೆಂಡ್.

ಕೊಂಡರೂ ಮಲಗಿರುವ ವೇಗ

6000ದ ರ‍್ಯಾಮ್‌ಗೆ ಹಣ ಕೊಟ್ಟು ವರ್ಷಗಟ್ಟಲೆ 4800ರಲ್ಲೇ ಓಡಿಸುವ ಮನೆಗಳು ಕಡಿಮೆಯಲ್ಲ. ಜೋಡಿಸಿಕೊಟ್ಟವರು ಎಕ್ಸ್‌ಪೋ ಅಥವಾ ಎಕ್ಸ್‌ಎಂಪಿ ಆರಿಸದೆ ಬಿಟ್ಟಿರುತ್ತಾರೆ, ಕೊಂಡವರಿಗೆ ಅದು ಬೇರೆಯಾಗಿ ಆರಿಸಬೇಕಾದದ್ದು ಎಂದೇ ಗೊತ್ತಿರುವುದಿಲ್ಲ. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ಒತ್ತಿದರೆ ಬಲಗೆಳಗೆ ‘ಸ್ಪೀಡ್’ ಎಂಬ ಸಾಲಿದೆ. ಅಲ್ಲಿ ಪೆಟ್ಟಿಗೆಯ ಅಂಕಿಗಿಂತ ಕಡಿಮೆ ಕಂಡರೆ ಸಾಮಾನ್ಯವಾಗಿ ಪ್ರೊಫೈಲ್ ಆರಿಸಿಲ್ಲ ಎಂದರ್ಥ.

ಆರಿಸಿದ ಮೇಲೆ ಇನ್ನೊಂದು ಗಾಬರಿ ಕಾದಿರುತ್ತದೆ. ಡಿಡಿಆರ್5 ಯಂತ್ರ ಹೊಸ ವೇಗದಲ್ಲಿ ಮೊದಲ ಸಲ ಶುರುವಾಗುವಾಗ ಪ್ರತಿ ತಂತಿಯ ಸಮಯವನ್ನೂ ಅಳೆದು ಹೊಂದಿಸಿಕೊಳ್ಳುತ್ತದೆ. ಎಎಂ5 ಬೋರ್ಡ್‌ಗಳಲ್ಲಿ ಇದಕ್ಕೆ ಕೆಲವು ನಿಮಿಷ ಬೇಕಾಗಬಹುದು, ಅಷ್ಟು ಹೊತ್ತೂ ಪರದೆ ಕಪ್ಪಗಿರುತ್ತದೆ. ಕೆಟ್ಟುಹೋಯಿತೆಂದು ಸ್ವಿಚ್ ಆಫ್ ಮಾಡಿದರೆ ಮತ್ತೆ ಮೊದಲಿನಿಂದ.

ಬಯೋಸ್ ಹಳೆಯದಿರಬಾರದು ಎಂಬುದೂ ಮುಖ್ಯ. 2023ರ ಏಪ್ರಿಲ್‌ನಲ್ಲಿ ರೈಜನ್ 7000ಎಕ್ಸ್3ಡಿ ಚಿಪ್‌ಗಳು ಸುಟ್ಟ ಪ್ರಕರಣಗಳು ಹೊರಬಂದವು. ಎಕ್ಸ್‌ಪೋ ಆರಿಸಿದಾಗ ಬೋರ್ಡ್‌ಗಳು ಎಸ್‌ಒಸಿ ವೋಲ್ಟೇಜನ್ನು (ಚಿಪ್‌ನಲ್ಲಿ ಮೆಮೊರಿ ಕಂಟ್ರೋಲರ್ ಇರುವ ಭಾಗದ ವಿದ್ಯುತ್ ಒತ್ತಡವನ್ನು) ಅತಿಯಾಗಿ ಏರಿಸುತ್ತಿದ್ದುದು ಅದರ ಹಿಂದಿತ್ತು. ಎಎಂಡಿ ಆ ವೋಲ್ಟೇಜನ್ನು 1.3 ವೋಲ್ಟ್‌ಗೆ ಮಿತಿಗೊಳಿಸುವ ಬಯೋಸ್ ಬಿಡುಗಡೆ ಮಾಡಿಸಿತು. ಆ ಕಾಲದ ಬೋರ್ಡ್ ಹಳೆ ಸರಕಾಗಿ ಅಥವಾ ಸೆಕೆಂಡ್ ಹ್ಯಾಂಡ್ ಆಗಿ ಕೈಗೆ ಬಂದರೆ ಬಯೋಸ್ ಹೊಸದು ಮಾಡುವ ಮುನ್ನ ಎಕ್ಸ್‌ಪೋ ಮುಟ್ಟಬಾರದು.

ಕೊರತೆ ಮುಂದುವರಿದರೆ

ಬೆಲೆ ಹೀಗೇ ಇದ್ದರೆ ಸಿದ್ಧ ಡೆಸ್ಕ್‌ಟಾಪ್‌ಗಳಲ್ಲಿ ಒಂಟಿ ಸ್ಟಿಕ್ ಇರುವ ಮಾದರಿಗಳೇ ಹೆಚ್ಚಾಗುವ ಸಾಧ್ಯತೆ ಇದೆ. ಜಾಹೀರಾತಿನಲ್ಲಿ ‘16 ಜಿಬಿ ಡಿಡಿಆರ್5’ ಎಂದಷ್ಟೇ ಇರುತ್ತದೆ, ಒಂದೋ ಎರಡೋ ಎಂಬುದನ್ನು ಕೇಳಿಯೇ ತಿಳಿಯಬೇಕು. 8 ಜಿಬಿಯ ಡಿಡಿಆರ್5 ಸ್ಟಿಕ್‌ಗಳದ್ದು ಇನ್ನೊಂದು ಪೇಚು. ಅವುಗಳಲ್ಲಿ ಸಾಮಾನ್ಯವಾಗಿ ನಾಲ್ಕೇ ಅಗಲದ ಚಿಪ್‌ಗಳಿದ್ದು, ಎಂಟು ಚಿಪ್‌ಗಳ 16 ಜಿಬಿ ಸ್ಟಿಕ್‌ಗೆ ಹೋಲಿಸಿದರೆ ಏಕಕಾಲಕ್ಕೆ ತೆರೆದಿಡಬಹುದಾದ ಬ್ಯಾಂಕ್‌ಗಳ (ಚಿಪ್‌ನೊಳಗಿನ ದತ್ತಾಂಶದ ವಿಭಾಗಗಳ) ಗುಂಪು ಅರ್ಧ. ಅದೇ 6000 ಎಂದು ಬರೆದಿದ್ದರೂ ಕೆಲಸದಲ್ಲಿ ತುಸು ಹಿಂದೆ.

ಹಾಗಾದರೆ 32 ಜಿಬಿಗೆ ಹಣ ಸಾಲದವರು ಏನು ಮಾಡಬೇಕು? ಒಳಗಿನ ಗ್ರಾಫಿಕ್ಸ್ ನೆಚ್ಚಿಕೊಂಡ ಯಂತ್ರವಾದರೆ 8 ಜಿಬಿಯ ಎರಡು ಸ್ಟಿಕ್, ಬೇರೆ ಮಾತಿಲ್ಲ. ಗ್ರಾಫಿಕ್ಸ್ ಕಾರ್ಡ್ ಇದ್ದು, ಮುಂದೆ ಬೆಳೆಸುವ ಉದ್ದೇಶ ಗಟ್ಟಿಯಾಗಿದ್ದರೆ ಈಗ 16 ಜಿಬಿಯ ಒಂದೇ ಸ್ಟಿಕ್ಕನ್ನು ಎ2 ಸ್ಲಾಟ್‌ನಲ್ಲಿ ಹಾಕಿ, ಬ್ಯಾಂಡ್‌ವಿಡ್ತ್ ನಷ್ಟವನ್ನು ಕೆಲವು ಕಾಲ ಸಹಿಸಿಕೊಳ್ಳಬಹುದು. ಹಾಗೆ ಮಾಡುವವರು 6000 ಸಿಎಲ್30ರ ಬದಲು ಸಾಧಾರಣ 5600 ಆರಿಸುವುದು ಜಾಣತನ. ಏಕೆಂದರೆ ಒಂದು ವರ್ಷದ ಮೇಲೆ ಕೊಳ್ಳುವ ಸ್ಟಿಕ್ ಅದೇ ಮಾದರಿಯದ್ದಾಗಿದ್ದರೂ ಒಳಗಿನ ಚಿಪ್ ಬೇರೆ ಇರಬಹುದು. ಅಧಿಕೃತ ವೇಗದಲ್ಲಿ ಬೇರೆ ಬೇರೆ ಸ್ಟಿಕ್‌ಗಳು ಸಾಮಾನ್ಯವಾಗಿ ಹೊಂದಿಕೊಂಡು ಹೋಗುತ್ತವೆ, ಓವರ್‌ಕ್ಲಾಕ್ ವೇಗದಲ್ಲಿ ಹೊಂದುತ್ತವೆ ಎಂಬ ನಂಬಿಕೆ ಇಲ್ಲ.

ಯಾವುದನ್ನೇ ಕೊಂಡರೂ ಅಂಗಡಿಯ ಬದಲಾವಣೆ ಅವಧಿ ಮುಗಿಯುವ ಮೊದಲು ಒಂದು ರಾತ್ರಿ ಮೆಮ್‌ಟೆಸ್ಟ್86 ಓಡಿಸಿ ನೋಡಬೇಕು. ಪೆನ್‌ಡ್ರೈವ್‌ಗೆ ಹಾಕಿಕೊಂಡು ಶುರು ಮಾಡಬಹುದಾದ ಉಚಿತ ತಂತ್ರಾಂಶ ಅದು. ಪ್ರೊಫೈಲ್ ಆರಿಸಿದ ವೇಗದಲ್ಲಿ ಒಂದೇ ಒಂದು ದೋಷ ಕಂಡರೂ ಪ್ರೊಫೈಲ್ ತೆಗೆದು ಅಧಿಕೃತ ವೇಗದಲ್ಲಿ ಇನ್ನೊಮ್ಮೆ ಓಡಿಸಬೇಕು. ಅಲ್ಲಿಯೂ ದೋಷ ಬಂದರೆ ಮೊದಲ ಅನುಮಾನ ಸ್ಟಿಕ್ ಮೇಲೆ, ಬಿಲ್ ಸಮೇತ ಹಿಂತಿರುಗಿಸಬೇಕು. ಅಲ್ಲಿ ಸರಿಯಾಗಿ ಓಡಿದರೆ ಪ್ರೊಸೆಸರ್ ಅಥವಾ ಬೋರ್ಡ್ ಆ ವೇಗಕ್ಕೆ ಏಗದೆ ಇರಬಹುದು. ಆಗ 6000ವನ್ನು 5600ಕ್ಕೆ ಇಳಿಸಿ, ಪರೀಕ್ಷೆಯನ್ನು ಮತ್ತೆ ಮೊದಲಿನಿಂದ ಮಾಡಬೇಕು.